ಉಗ್ರಾಣದ ಸರ್ವರ್

ವಾದಿರಾಜರ ಮನೆಯ ಉಗ್ರಾಣಕ್ಕೆ ಮೊದಲ ಸಲ ಕಾಲಿಟ್ಟಾಗ ನನಗೆ ನಗು ಬಂದಿತ್ತು. ಒಂದು ಕಡೆ ಅಕ್ಕಿಯ ಡ್ರಮ್ಮು, ಬೆಲ್ಲದ ಡಬ್ಬ, ಬಾಯಿಗೆ ಬಟ್ಟೆ ಕಟ್ಟಿದ ಉಪ್ಪಿನಕಾಯಿ ಜಾಡಿಗಳು. ಇನ್ನೊಂದು ಕಡೆ ಹಳೇ ಮರದ ಮೇಜಿನ ಮೇಲೆ ನಮ್ಮ ಸಾಫ್ಟ್‌ವೇರ್ ಕಂಪನಿಯ ಏಕೈಕ ಸರ್ವರ್, ಅದರ ಕಾಲಬುಡದಲ್ಲಿ ಸದಾ ಗುಂಯ್‌ಗುಡುವ ಯುಪಿಎಸ್. ಬಸವನಗುಡಿಯ ಆ ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಕೋಣೆ ಅದೇ ಆಗಿದ್ದರಿಂದ ಏಸಿ ಹಾಕಿಸುವುದು ತಪ್ಪಿತು ಎಂದು ವಾದಿರಾಜರು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಆಫೀಸು ಅಂದರೆ ಗಾಜು ಹಾಕಿಸಿದ ಮುಂದಿನ ವರಾಂಡ. ಅಲ್ಲಿ ಕೂರುತ್ತಿದ್ದವರು ಮೂವರು: ಮಾಲೀಕರಾದ ವಾದಿರಾಜರು, ಎನ್.ಆರ್. ಕಾಲೋನಿಯ ಆಕರ್ಷ, ಓಕಳಿಪುರಂನಿಂದ ಬಸ್ಸು ಹಿಡಿದು ಬರುವ ನಾನು.

ವಾದಿರಾಜರು ಕೆಟ್ಟವರಲ್ಲ. ಜೋರಾಗಿ ಮಾತಾಡಿದವರಲ್ಲ, ಜಾತಿ ಕೇಳಿದವರಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಅಪ್ಪ ರೈಲ್ವೆಯಲ್ಲಿ, ಮನೆ ಓಕಳಿಪುರಂನಲ್ಲಿ, ಹೆಸರು ವಿಶಾಖಾ ಎಂದರೆ ತಿಳಿದವರಿಗೆ ತಿಳಿಯುತ್ತದೆ. “ನಮ್ಮಲ್ಲಿ ಅದೆಲ್ಲ ಇಲ್ಲ ವಿಶಾಖಾ, ಇಲ್ಲಿ ಬರೀ ಕೋಡ್” ಎಂದು ಮೊದಲ ದಿನವೇ ಹೇಳಿದ್ದರು. ಅವರ ಒಂದೇ ಕಟ್ಟುನಿಟ್ಟು ಸರ್ವರ್ ವಿಷಯದಲ್ಲಿ. ಹೊರಗಿನಿಂದ ಅದಕ್ಕೆ ಲಾಗಿನ್ ಕೊಡುತ್ತಿರಲಿಲ್ಲ. ಕೆಲಸವಿದ್ದರೆ ಉಗ್ರಾಣಕ್ಕೇ ಹೋಗಬೇಕು, ಅದೂ ಬೆಳಿಗ್ಗೆ ಏಳರಿಂದ ಒಂಬತ್ತರೊಳಗೆ. ಆಗ ಸರ್ವರ್ ಮೇಲೆ ಲೋಡ್ ಕಡಿಮೆ ಎನ್ನುತ್ತಿದ್ದರು. ಇರಬಹುದು ಎಂದುಕೊಂಡು ಒಂದು ವರ್ಷ ಹಾಗೇ ಮಾಡಿದ್ದೆ.

ಆ ಶುಕ್ರವಾರ ಹನ್ನೊಂದು ಗಂಟೆಗೆ ರೆಸಿಡೆನ್ಸಿ ರಸ್ತೆಯ ದೊಡ್ಡ ಕಂಪನಿಯೊಂದರಲ್ಲಿ ನನಗೆ ಇಂಟರ್‌ವ್ಯೂ ಇತ್ತು. ವಾದಿರಾಜರಿಗೆ ಹೇಳಿರಲಿಲ್ಲ. ಹಿಂದೆ ಎರಡು ಸಲ ಬೇರೆ ಕಡೆ ಕರೆ ಬಂದಾಗ ರಜೆ ಕೇಳಿದ್ದಕ್ಕೆ, ಇದೊಂದು ಡೆಲಿವರಿ ಮುಗಿಯಲಿ ಎಂದು ತಡೆದಿದ್ದರು. ಆ ಡೆಲಿವರಿ ಮುಗಿಯುವಷ್ಟರಲ್ಲಿ ಇನ್ನೊಂದು ಹುಟ್ಟಿಕೊಳ್ಳುತ್ತಿತ್ತು. ಇದೂ ಕೈತಪ್ಪಿದರೆ ಆ ವರಾಂಡದಲ್ಲೇ ಕೊಳೆಯುತ್ತೇನೆ ಎಂದು ನನಗೆ ಖಾತ್ರಿಯಾಗಿತ್ತು.

ಕೆಲಸವೇನೋ ಇತ್ತು. ವಿ.ವಿ. ಪುರಂನ ಒಂದು ರಕ್ತಪರೀಕ್ಷೆಯ ಲ್ಯಾಬಿಗೆ ನಾವು ವೆಬ್ ಅಪ್ಲಿಕೇಶನ್ ಮಾಡಿಕೊಟ್ಟಿದ್ದೆವು. ರಿಪೋರ್ಟ್ ಸಿದ್ಧವಾದ ಕೂಡಲೇ ರೋಗಿಯ ಮೊಬೈಲಿಗೆ ಎಸ್ಸೆಮ್ಮೆಸ್ ಹೋಗಬೇಕು. ಮಧ್ಯಾಹ್ನ ರಿಪೋರ್ಟುಗಳೆಲ್ಲ ಒಟ್ಟಿಗೆ ನುಗ್ಗಿದಾಗ ಅಪ್ಲಿಕೇಶನ್ ಕುಸಿದುಬೀಳುತ್ತಿತ್ತು, ಅರ್ಧ ಸಂದೇಶಗಳು ಎಲ್ಲಿ ಹೋದವೋ ದೇವರೇ ಬಲ್ಲ. ಅದಕ್ಕೆ ಮದ್ದು ಮೆಸೇಜ್ ಬ್ರೋಕರ್. ಬಂದ ಸಂದೇಶಗಳನ್ನು ತೆಗೆದುಕೊಂಡು, ಡಿಸ್ಕಿನಲ್ಲಿ ಬರೆದಿಟ್ಟು, ಸಾಲಾಗಿ ನಿಲ್ಲಿಸಿ, ಒಂದೊಂದನ್ನೇ ಮುಂದಕ್ಕೆ ಕಳಿಸುವ ತಂತ್ರಾಂಶ ಅದು. ಕರೆಂಟು ಹೋಗಿ ಬಂದರೂ ಕಳಿಸದೆ ಉಳಿದದ್ದು ಕಳೆದುಹೋಗುವುದಿಲ್ಲ. ಅದಕ್ಕೆ ಬೇರೆಯದೇ ಯಂತ್ರ ಕೊಡುವುದು ವಾಡಿಕೆ. ವಾದಿರಾಜರು ಒಪ್ಪಲಿಲ್ಲ.

“ಇನ್ನೊಂದು ಮಷೀನ್ ಎಲ್ಲಿಡೋಣ, ದೇವರ ಮನೇಲಾ? ಅಪ್ಲಿಕೇಶನ್ ಒಳಗೇ ಕೂರಿಸ್ಬಿಡಿ. ಅದು ಎದ್ರೆ ಇದೂ ಏಳತ್ತೆ, ಅದು ಮಲಗಿದ್ರೆ ಇದೂ ಮಲಗತ್ತೆ.”

ಏಳುತ್ತಿತ್ತು, ಮಲಗುತ್ತಿರಲಿಲ್ಲ. ಅದೇ ತಲೆನೋವು. ಅಪ್ಲಿಕೇಶನ್ನಿನ ಹೊಸ ಆವೃತ್ತಿ ಹಾಕಿದಾಗಲೆಲ್ಲ ಹಳೆಯ ಬ್ರೋಕರ್ ನಿಲ್ಲದೆ ಹಾಗೇ ಉಳಿದು, ಸಂದೇಶಗಳ ಫೋಲ್ಡರಿಗೆ ಲಾಕ್ ಹಾಕಿಕೊಂಡು ಕೂರುತ್ತಿತ್ತು. ಹೊಸ ಬ್ರೋಕರ್ ಬಂದು, ಲಾಕ್ ಇದೆ ಎಂದು ಹತ್ತು ಸೆಕೆಂಡ್ ಕಾಯುವುದು, ಮತ್ತೆ ನೋಡುವುದು, ಮತ್ತೆ ಹತ್ತು ಸೆಕೆಂಡ್ ಕಾಯುವುದು. ಪರದೆಯ ಮೇಲೆ ಅದೇ ಸಾಲು ಮತ್ತೆ ಮತ್ತೆ ಮೂಡುತ್ತಿತ್ತು. ಆ ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಲ್ಯಾಬಿನ ಎಲ್ಲ ಶಾಖೆಗಳೂ ಇದರ ಮೇಲೆ ಓಡಬೇಕಿತ್ತು. ಏಳಕ್ಕೆ ಹೋಗಿ ಸರಿಪಡಿಸಿ, ಒಂಬತ್ತಕ್ಕೆ ಎದ್ದು, ಬಸ್ಸು ಹಿಡಿದರೆ ಇಂಟರ್‌ವ್ಯೂಗೆ ಆರಾಮಾಗಿ ತಲುಪುತ್ತಿದ್ದೆ.

ವಾದಿರಾಜರೇ ಬಾಗಿಲು ತೆಗೆದು ನಡುಮನೆ ದಾಟಿಸಿ ಉಗ್ರಾಣಕ್ಕೆ ಬಿಟ್ಟರು. ಅವರ ಹೆಂಡತಿ ತವರಿಗೆ ಹೋಗಿದ್ದರು. ತಾಯಿ ಜಾನಕಮ್ಮ ಎಂದಿನಂತೆ ಮಠಕ್ಕೆ ಹೋಗಿರಬೇಕು, ಮನೆ ನಿಶ್ಶಬ್ದವಾಗಿತ್ತು. ನಾನು ಕೂತು ಅರ್ಧ ಗಂಟೆಯೂ ಆಗಿರಲಿಲ್ಲ, ನಡುಮನೆಯಲ್ಲಿ ಫೋನು ಹೊಡೆದುಕೊಂಡಿತು. ವಾದಿರಾಜರ ಮಾತಿನಿಂದಲೇ ಎಲ್ಲ ತಿಳಿಯಿತು. ಮಾರನೆಯ ದಿನ ವಾದಿರಾಜರ ತಂದೆಯ ಶ್ರಾದ್ಧ. ಪಂಚಮಿ ತಿಥಿ. ಇವರು ಗೋಡೆಯ ಕ್ಯಾಲೆಂಡರ್ ನೋಡಿ ಶನಿವಾರ ಎಂದು ಗುರುತು ಹಾಕಿ ಪುರೋಹಿತರಿಗೂ ಅದನ್ನೇ ಹೇಳಿದ್ದರು. ಕ್ಯಾಲೆಂಡರಿನಲ್ಲಿ ಬರೆಯುವುದು ಸೂರ್ಯೋದಯದ ತಿಥಿ, ಶ್ರಾದ್ಧಕ್ಕೆ ಬೇಕಾದದ್ದು ಮಧ್ಯಾಹ್ನದ ತಿಥಿ. ಪುರೋಹಿತರು ಆಗಷ್ಟೇ ಪಂಚಾಂಗ ತೆರೆದು ನೋಡಿದರೆ, ಶನಿವಾರ ಮಧ್ಯಾಹ್ನಕ್ಕೆ ಪಂಚಮಿಯೇ ಇರುವುದಿಲ್ಲ. ಶ್ರಾದ್ಧ ಇವತ್ತೇ ಆಗಬೇಕು.

“ರಾತ್ರಿ ಊಟ ಮಾಡ್ಬಿಟ್ಟಿದೀನಲ್ಲ ಆಚಾರ್ರೇ” ಎಂದು ವಾದಿರಾಜರು ಗೋಗರೆಯುವುದು ಕೇಳಿಸಿತು. ಶ್ರಾದ್ಧದ ಹಿಂದಿನ ರಾತ್ರಿ ಉಣ್ಣಬಾರದು, ಉಂಡರೆ ಅದಕ್ಕೊಂದು ಪ್ರಾಯಶ್ಚಿತ್ತ ಇದೆಯಂತೆ. ನನಗೆ ಒಳಗೊಳಗೇ ನಗು. ಇಷ್ಟು ದೊಡ್ಡ ಲ್ಯಾಬಿನ ದಿನಾಂಕಗಳನ್ನೆಲ್ಲ ಸಂಭಾಳಿಸುವ ಮನುಷ್ಯ ಅಪ್ಪನ ತಿಥಿಗೆ ಕ್ಯಾಲೆಂಡರ್ ನೋಡಿ ಮೋಸಹೋದರಲ್ಲ ಎಂದು.

ಹಿತ್ತಿಲಿನಲ್ಲಿ ನೀರು ಸುರಿದ ಸದ್ದಾಯಿತು. ಜಾನಕಮ್ಮ ಮಠಕ್ಕೆ ಹೋಗಿರಲಿಲ್ಲ, ಸ್ನಾನಕ್ಕೆ ಹೋಗಿದ್ದರು. ವಾದಿರಾಜರು ಓಡಿಬಂದು ಉಗ್ರಾಣದೊಳಗೆ ತಲೆ ಹಾಕಿದರು.

“ವಿಶಾಖಾ, ಇವತ್ತು ಮನೇಲಿ ಕಾರ್ಯ ಬಂದ್ಬಿಡ್ತು. ನೀವು ಕೆಲಸ ಮುಂದುವರಿಸಿ. ಬಾಗಿಲು ಸ್ವಲ್ಪ ಹಾಕ್ಕೊಂಡಿರಿ. ಫೋನ್ ಸೈಲೆಂಟ್‌ಗಿಡಿ, ಮಂತ್ರ ನಡೀತಿರತ್ತೆ.”

“ಸರ್, ನಾನು ಒಂಬತ್ತಕ್ಕೆ ಹೊರಡ್ಬೇಕು.”

“ಮುಗಿಸ್ಕೊಂಡು ಹೋಗಿ, ಮುಗಿಸ್ಕೊಂಡು ಹೋಗಿ” ಎನ್ನುತ್ತ ಅವರೇ ಬಾಗಿಲೆಳೆದರು.

ನನಗೆ ಮುಗಿಸಲು ತಡವಾಗಲಿಲ್ಲ. ಅಪ್ಲಿಕೇಶನ್ ಮುಚ್ಚುವಾಗ ಬ್ರೋಕರನ್ನೂ ನಿಲ್ಲಿಸು ಎಂದು ಹೇಳುವ ನಾಲ್ಕು ಸಾಲು ಯಾರೂ ಬರೆದಿರಲಿಲ್ಲ. ಯಾರೂ ಅಂದರೆ ನಾನೇ. ಬರೆದೆ. ಸಂದೇಶಗಳ ಫೋಲ್ಡರಿಗೆ ಖಾಯಂ ಜಾಗ ಕೊಟ್ಟೆ. ಬ್ರೋಕರ್ ಮಾತಾಡುವುದು ಅಪ್ಲಿಕೇಶನ್ನಿನ ಒಳಗೆ ಮಾತ್ರ, ಹೊರಗಿನವರಿಗೆ ಯಾವ ಪೋರ್ಟೂ, ಅಂದರೆ ಯಾವ ಬಾಗಿಲೂ, ತೆರೆಯಬಾರದು ಎಂದು ಸೆಟ್ಟಿಂಗ್ ಬದಲಾಯಿಸಿದೆ. ನಿಲ್ಲಿಸಿದೆ, ಶುರುಮಾಡಿದೆ, ಮತ್ತೆ ನಿಲ್ಲಿಸಿದೆ. ಲಾಕ್ ತಾನಾಗಿ ಬಿಚ್ಚಿಕೊಂಡಿತು. ಹಿಂದಿನ ದಿನ ಸಿಕ್ಕಿಕೊಂಡಿದ್ದ ಸಂದೇಶಗಳು ಒಂದರ ಹಿಂದೊಂದು ಹೊರಟವು. ಒಬ್ಬಳೇ ಕೂತು ಕೈ ತಟ್ಟಿಕೊಳ್ಳುವಷ್ಟು ಖುಷಿಯಾಯಿತು. ಬ್ಯಾಗು ಹೆಗಲಿಗೆ ಹಾಕಿ ಬಾಗಿಲು ತೆಗೆಯಬೇಕು, ವಾದಿರಾಜರೇ ಒಳಗೆ ಬಂದರು. ಮೈಮೇಲೆ ಒದ್ದೆ ಪಂಚೆ.

“ತಾಗ್ಬೇಡಿ, ತಾಗ್ಬೇಡಿ. ಮಡೀಲಿದೀನಿ.” ನಾನು ಗೋಡೆಗೆ ಅಂಟಿಕೊಂಡೆ. ಅವರು ಡಬ್ಬದಿಂದ ಉದ್ದಿನಬೇಳೆ ತೆಗೆದುಕೊಂಡರು.

“ಸರ್, ಕೆಲಸ ಆಯ್ತು. ಹೊರಡ್ತೀನಿ.”

“ಅಯ್ಯೋ, ಈಗ ಆಗಲ್ಲ ವಿಶಾಖಾ. ಅಮ್ಮ ಒಲೆ ಹಚ್ಚಿಬಿಟ್ಟಿದಾರೆ, ನಡುಮನೆಯೆಲ್ಲ ಮಡಿ. ಮಡಿ ಅಂದ್ರೆ ಯಾರೂ ದಾಟೋ ಹಾಗಿಲ್ಲ. ನನ್ನ ಹೆಂಡ್ತಿ ಇದ್ದಿದ್ರೂ ಅಷ್ಟೇ, ಮೈಲಿಗೆ ಬಟ್ಟೇಲಿದ್ರೆ ಅವಳೂ ದಾಟೋ ಹಾಗಿಲ್ಲ. ಸ್ವಲ್ಪ ಅಡ್ಜಸ್ಟ್ ಮಾಡ್ಕೊಳಿ. ಬ್ರಾಹ್ಮಣರ ಊಟ ಆಗ್ಲಿ, ಎರಡು ಗಂಟೆಗೆಲ್ಲ ಮುಗಿಯತ್ತೆ.”

“ಹನ್ನೊಂದಕ್ಕೆ ನಾನು ಒಂದು ಕಡೆ ಇರ್ಲೇಬೇಕು ಸರ್.”

“ಎಲ್ಲಿ?”

ಅದನ್ನು ಹೇಳುವಂತಿರಲಿಲ್ಲ. “ಮನೆ ಕೆಲಸ” ಎಂದೆ. ಮನೆ ಕೆಲಸ ತಾನೇ, ನಾಳೆ ಮಾಡಿಕೊಂಡರಾಯಿತು ಎಂಬ ಮುಖ ಮಾಡಿ ಅವರು ಹೊರಟರು. ಬಾಗಿಲು ಮುಚ್ಚಿಕೊಂಡಿತು.

ಚಿಲಕ ಹಾಕಿರಲಿಲ್ಲ. ಅದೇ ನನ್ನನ್ನು ಕೊಂದದ್ದು. ಬೀಗ ಹಾಕಿದ್ದರೆ ಒದ್ದು, ಕೂಗಿ, ರಂಪ ಮಾಡಬಹುದಿತ್ತು. ಇಲ್ಲಿ ಕೈಯಿಟ್ಟರೆ ತೆರೆಯುವ ಬಾಗಿಲು, ಅದರಾಚೆ ಯಾರದೋ ಅಪ್ಪನ ಶ್ರಾದ್ಧ. ಅವರ ನಂಬಿಕೆ, ಅವರ ಮನೆ, ಅವರ ದುಃಖ. ನಾನು ದಾಟಿದರೆ ಆ ಮುದುಕಿ ಮಾಡಿದ ಅಡುಗೆಯೆಲ್ಲ ಹಾಳು. ಅವರ ಸೊಸೆಗೂ ಇದೇ ನಿಯಮ ಎಂದಮೇಲೆ ನಾನು ಜಗಳವಾಡುವುದು ಯಾವ ಬಾಯಿಂದ? ಹಿತ್ತಿಲಿಗೆ ಹೋಗುವ ದಾರಿ ಅಡುಗೆಮನೆಯೊಳಗಿಂದ. ಕಿಟಕಿಗೆ ಕಬ್ಬಿಣದ ಸರಳು. ಎಲ್ಲ ಕಡೆ ಕಣ್ಣಾಡಿಸಿ ಮತ್ತೆ ಸ್ಟೂಲಿನ ಮೇಲೆ ಕೂತೆ.

ಹತ್ತಾಯಿತು. ಪುರೋಹಿತರು ಬಂದ ಸದ್ದು, ಮಣೆ ಹಾಕಿದ ಸದ್ದು. ಎಣ್ಣೆಯಲ್ಲಿ ವಡೆ ಬೇಯುವ ವಾಸನೆ ಬಾಗಿಲ ಸಂದಿಯಿಂದ ಬಂತು. ನನಗೆ ಬಚ್ಚಲಿಗೆ ಹೋಗಬೇಕಿತ್ತು. ಯಾರಿಗೆ ಹೇಳುವುದು? ಕಾಲು ಬಿಗಿಹಿಡಿದು ಕೂತೆ. ಅಂಥ ಅವಮಾನ ಇನ್ನೊಂದಿಲ್ಲ. ವಾದಿರಾಜರು ಮತ್ತೆ ಬಂದರು, ಬೆಲ್ಲಕ್ಕೆ. ಮತ್ತೆ ಬಂದರು, ಅಕ್ಕಿ ಹಿಟ್ಟಿಗೆ. ಜಾನಕಮ್ಮ ಅಡುಗೆಮನೆಯಿಂದ, “ನಾನೇ ತಗೋತೀನಿ ಬಿಡೋ, ನೀನ್ಯಾಕೆ ಓಡಾಡ್ತೀಯ?” ಎನ್ನುವುದು ಕೇಳಿಸಿತು. ಇವರು ಗಾಬರಿಯಿಂದ, “ನೀನಿರಮ್ಮಾ, ಎಲ್ಲಾ ನಾನ್ ಕೊಡ್ತೀನಿ” ಎಂದರು. ಎಷ್ಟು ಒಳ್ಳೆಯ ಮಗ ಎಂದುಕೊಂಡೆ ನಾನು, ದಡ್ಡಿ.

ಕಿಟಕಿಯ ಹತ್ತಿರ ಮಾತ್ರ ಸಿಗ್ನಲ್ ಸಿಗುತ್ತಿತ್ತು. ಸರಳಿಗೆ ಕೆನ್ನೆಯಿಟ್ಟು ಪಿಸುದನಿಯಲ್ಲಿ ಇಂಟರ್‌ವ್ಯೂಗೆ ಕರೆದಿದ್ದ ಕಂಪನಿಗೆ ಫೋನು ಮಾಡಿದೆ. ತಡವಾಗುತ್ತದೆ ಎಂದೆ. ಆ ಕಡೆಯ ಹುಡುಗಿ ಯಾರನ್ನೋ ಕೇಳಿ ಬಂದು, ಹನ್ನೆರಡರ ತನಕ ಬರಬಹುದು, ಆಮೇಲೆ ಬಂದರೆ ಪ್ರಯೋಜನವಿಲ್ಲ ಎಂದಳು. ಬದುಕಿದೆ ಎಂದುಕೊಂಡೆ. ಆಮೇಲೆ ಬಾಗಿಲ ಕಡೆ ನೋಡಿ ಅಳು ಬಂತು.

ಹನ್ನೊಂದು ಹೊಡೆದ ಸ್ವಲ್ಪ ಹೊತ್ತಿಗೆ ಬಾಗಿಲು ತೆರೆದುಕೊಂಡಿತು. ವಾದಿರಾಜರಲ್ಲ, ಆಕರ್ಷ. ಹಳೇ ಜೀನ್ಸು, ಬೆವರಿನಿಂದ ಅಂಟಿದ ಟೀ ಶರ್ಟು.

“ಸಕತ್ ಗುರು! ಎಲ್ಲಾ ಮೆಸೇಜೂ ಹೋಗ್ತಿದೆ. ಬೆಳಿಗ್ಗೆ ಆರಕ್ಕೇ ಲ್ಯಾಬಲ್ಲಿ ಕೂತಿದೀನಿ, ಸ್ನಾನ ಕೂಡ ಮಾಡಿಲ್ಲ. ಫೋನ್ ತೆಗೀತಿಲ್ವಲ್ಲ ನೀನು?”

ನಾನು ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿದೆ. “ನೀನು ಹೇಗೆ ಒಳಗೆ ಬಂದೆ?”

“ಹೇಗೆ ಅಂದ್ರೆ? ನಡ್ಕೊಂಡು.”

“ಮಡಿ ಅಲ್ವಾ?”

“ಹೂಂ, ಅಜ್ಜಿ ಅಡುಗೆಮನೆ ಬಾಗಿಲಲ್ಲೇ ನಿಂತಿದ್ರು. ಏನೂ ಮುಟ್ಟಬೇಡ, ಗೋಡೆ ಪಕ್ಕ ಹೋಗೋ ಅಂದ್ರು. ಬಂದೆ.”

ಕಿವಿಯೊಳಗೆ ಏನೋ ಗುಂಯ್ ಎಂದಿತು, ಯುಪಿಎಸ್ ಅಲ್ಲ. ಗೋಡೆಯ ಪಕ್ಕ ದಾರಿಯಿತ್ತು. ಬೆಳಿಗ್ಗೆಯಿಂದ ಇತ್ತು. ಸ್ನಾನ ಮಾಡದವನು, ಸಂಬಂಧಿಯಲ್ಲದವನು ಆ ದಾರಿಯಲ್ಲಿ ಬರಬಹುದಾದರೆ ನನ್ನನ್ನು ಇಲ್ಲಿ ಕೂರಿಸಿದ್ದು ಯಾತಕ್ಕೆ? ಒದ್ದೆ ಪಂಚೆಯಲ್ಲಿ ವಾದಿರಾಜರು ನನ್ನೆದುರಿಗೇ ನಿಂತು ಬೇಳೆ ಬೆಲ್ಲ ಒಯ್ದರಲ್ಲ, ಆಗ ಕೆಡದ ಮಡಿ ಈಗ ಹೇಗೆ ಕೆಡುತ್ತದೆ? ತಾಯಿ ಉಗ್ರಾಣಕ್ಕೆ ಬರದಂತೆ ಓಡೋಡಿ ಬಂದದ್ದು, ಬಾಗಿಲು ಹಾಕಿಕೊಳ್ಳಿ ಎಂದದ್ದು, ಫೋನು ಸೈಲೆಂಟಿಗಿಡಿ ಎಂದದ್ದು ಎಲ್ಲ ಒಂದೊಂದಾಗಿ ಅರ್ಥವಾಯಿತು. ಏಳರಿಂದ ಒಂಬತ್ತು ಲೋಡ್ ಕಡಿಮೆಯ ಹೊತ್ತಲ್ಲ. ಅದು ಜಾನಕಮ್ಮ ಮಠದಲ್ಲಿರುವ ಹೊತ್ತು. ಒಂದು ವರ್ಷದಿಂದ ನನ್ನನ್ನು ಈ ಕೋಣೆಗೆ ಕದ್ದು ತಂದು, ಕದ್ದು ಹೊರಗೆ ಬಿಡುತ್ತಿದ್ದರು. ಮಡಿ ಕೆಡುವುದು ನಾನು ಇರುವುದರಿಂದಲ್ಲ, ನಾನು ಕಾಣುವುದರಿಂದ.

“ಏನಾಯ್ತೇ?” ಎಂದ ಆಕರ್ಷ. ಅವನಿಗೆ ನಿಜವಾಗಿಯೂ ಏನೂ ತಿಳಿದಿರಲಿಲ್ಲ. ಅವರದೇ ಜಾತಿಯವನಾದ ಅವನು ತಿಳಿದುಕೊಳ್ಳಬೇಕಾದ ಸಂದರ್ಭವೇ ಬಂದಿರಲಿಲ್ಲ.

ಬ್ಯಾಗು ಎತ್ತಿಕೊಂಡು ಹೊರಗೆ ಬಂದೆ. ನಡುಮನೆಯ ಮಧ್ಯೆ ವಾದಿರಾಜರು ಮಣೆಯ ಮೇಲೆ ಕೂತಿದ್ದರು, ಬೆರಳಿಗೆ ದರ್ಭೆಯ ಉಂಗುರ. ನನ್ನನ್ನು ಕಂಡು ಬಾಯಿ ತೆರೆದರು. ಮಂತ್ರದ ನಡುವೆ ಬೇರೆ ಮಾತಾಡುವ ಹಾಗಿಲ್ಲ. ಏಳುವ ಹಾಗೂ ಇಲ್ಲ. ಕಣ್ಣಿನಲ್ಲೇ ಬೇಡಿಕೊಂಡರು. ನಾನು ಗೋಡೆಯ ಪಕ್ಕ, ಏನನ್ನೂ ಮುಟ್ಟದೆ, ಆಕರ್ಷ ಬಂದ ದಾರಿಯಲ್ಲೇ ನಡೆದೆ. ಹೊಸಿಲು ನಾಲ್ಕು ಹೆಜ್ಜೆ ದೂರವಿತ್ತು.

“ಯಾರದು?” ಅಡುಗೆಮನೆಯ ಬಾಗಿಲಲ್ಲಿ ಜಾನಕಮ್ಮ. ಕೈಯಲ್ಲಿ ಸೌಟು. ಸಿಟ್ಟಿನ ದನಿಯಲ್ಲ, ಅಚ್ಚರಿಯ ದನಿ. “ಆಫೀಸಿನ ಹುಡುಗಿ ಅಲ್ವೇನೇ ನೀನು? ಎಲ್ಲಿಂದ ಬಂದೆ?”

ಹೌದಮ್ಮಾ, ಈಗ ಬಂದೆ, ಹೊರಟೆ ಎಂದು ಹೇಳಿ ಹೊಸಿಲು ದಾಟಬಹುದಿತ್ತು. ಆಟೋ ಹಿಡಿದರೆ ಹನ್ನೆರಡರೊಳಗೆ ತಲುಪುತ್ತಿದ್ದೆ. ಎಲ್ಲರಿಗೂ ಕ್ಷೇಮ. ಆದರೆ ನಾನು ನಿಂತು ಅವರ ಕಡೆ ತಿರುಗಿದೆ.

“ಉಗ್ರಾಣದಿಂದ ಅಮ್ಮ. ಬೆಳಿಗ್ಗೆ ಏಳರಿಂದ ಅಲ್ಲೇ ಇದೀನಿ.”

“ಉಗ್ರಾಣದಲ್ಲಾ? ಅಲ್ಲಿ ವಾದಿ, ಈ ಆಕರ್ಷ ಬಿಟ್ಟು ಯಾರೂ ಹೋಗಲ್ವಲ್ಲ.”

“ಒಂದು ವರ್ಷದಿಂದ ನಾನೇ ಹೋಗೋದು. ನೀವು ಮಠಕ್ಕೆ ಹೋದಾಗ. ನಿಮ್ಮ ಉಪ್ಪಿನಕಾಯಿ ಜಾಡಿ ಪಕ್ಕದಲ್ಲೇ ಕೂತು ಕೆಲಸ ಮಾಡ್ತೀನಿ.”

ಪುರೋಹಿತರ ಮಂತ್ರ ನಿಂತಿತು. ಜಾನಕಮ್ಮ ಮಗನನ್ನು ನೋಡಿದರು. ಮಗ ಎದುರಿಗಿದ್ದ ಎಲೆಯನ್ನು ನೋಡುತ್ತಿದ್ದರು. ಆಕೆ ಮತ್ತೆ ನನ್ನ ಕಡೆ ತಿರುಗಿದರು.

“ಯಾರ ಪೈಕಿ ಅಮ್ಮಾ ನೀವು?”

“ಓಕಳಿಪುರಂ. ನಾವು ಬೌದ್ಧರು. ಅದಕ್ಕೆ ಮುಂಚೆ ನಮ್ಮನ್ನ ಏನಂತಿದ್ರು ಅಂತ ನಿಮಗೇ ಗೊತ್ತು.”

ಬೈದರೆ ಬೈಯಲಿ, ನಾನೂ ಬೈಯಲು ಸಿದ್ಧಳಿದ್ದೆ. ಜಾನಕಮ್ಮ ಬೈಯಲಿಲ್ಲ. ನನ್ನ ಮುಖ ನೋಡಿದರು, ಅಳುಕಿಲ್ಲದೆ, ಒಂದು ತರಹದ ಆಯಾಸದಿಂದ.

“ಬೆಳಿಗ್ಗೆಯಿಂದ ಒಳಗೇ ಕೂತಿದ್ಯಾ? ಕಾಫಿ ಇಲ್ದೆ, ಬಚ್ಚಲಿಗೂ ಹೋಗ್ದೆ?” ಎಂದರು. ಅದನ್ನು ಕೇಳಿದ್ದು ಆ ಮನೆಯಲ್ಲಿ ಅವರೊಬ್ಬರೇ. “ಇವನು ಒಂದು ಮಾತು ಹೇಳಿದ್ರೆ ಒಲೆ ಹಚ್ಚೋಕೆ ಮುಂಚೆನೇ ಕಳಿಸ್ತಿದ್ದೆನಲ್ಲೇ. ಹೋಗು, ಬಚ್ಚಲು ಹೊರಗಡೆಯಿಂದ ಬಳಸ್ಕೊಂಡು ಹೋದ್ರೆ ಎಡಕ್ಕಿದೆ. ನಿಂದೇನೂ ತಪ್ಪಿಲ್ಲಮ್ಮ.”

ಹಾಗೆಂದು ಒಳಗೆ ಹೋದರು. ಟಕ್ ಎಂದು ಗ್ಯಾಸ್ ಆರಿತು. ಒಂದು, ಆಮೇಲೆ ಇನ್ನೊಂದು. ಪಾತ್ರೆ ಇಳಿಸಿದ ಸದ್ದು, ಪಾಯಸ ಮೋರಿಗೆ ಸುರಿದ ಸದ್ದು. “ವಾದಿ, ಅಂಗಡಿಯಿಂದ ಹೊಸದಾಗಿ ಅಕ್ಕಿ ಬೇಳೆ ತರ್ಸು. ಎಲ್ಲಾ ಮೊದಲಿಂದ ಆಗ್ಬೇಕು. ಆಚಾರ್ರೇ, ಪಂಚಮಿ ಇನ್ನೂ ಇರತ್ತಲ್ಲ?”

ನನ್ನ ತಪ್ಪಿಲ್ಲ ಎಂದವರೇ ಒಲೆ ಆರಿಸಿದರು. ನಾಲ್ಕು ಬೈಗುಳ ಬೈದಿದ್ದರೆ ಹಗುರಾಗಿ ಹೋಗುತ್ತಿದ್ದೆ.

ಬಚ್ಚಲಿಗೆ ಹೋಗಲಿಲ್ಲ. ಗಾಂಧಿ ಬಜಾರಿನವರೆಗೆ ಓಡಿ, ಒಂದು ಹೋಟೆಲಿನವರನ್ನು ಬೇಡಿ ಅವರ ಬಚ್ಚಲಿಗೆ ಹೋಗಿ, ಮುಖ ತೊಳೆದು, ಆಟೋ ಹತ್ತಿದೆ. ಹನ್ನೆರಡಕ್ಕೆ ಇನ್ನೂ ಸ್ವಲ್ಪ ಇರುವಾಗಲೇ ಫೋನಿನಲ್ಲಿ ಮಾತಾಡಿದ್ದ ಆ ಹುಡುಗಿಯೆದುರು ನಿಂತಿದ್ದೆ.

ಮೇಜಿನಾಚೆ ಮೂವರಿದ್ದರು. ಈಗ ಏನು ಕೆಲಸ ಮಾಡುತ್ತಿದ್ದೀರಿ ಎಂದು ಕೇಳಿದರು. ಬ್ರೋಕರನ್ನು ಅಪ್ಲಿಕೇಶನ್ನಿನ ಒಳಗೆ ಕೂರಿಸಿದ್ದು, ಹಳೆಯದು ಲಾಕ್ ಬಿಡದೆ ಹೊಸದು ಕಾಯುತ್ತ ನಿಂತದ್ದು, ಅದನ್ನು ಬಿಡಿಸಿದ ಬಗೆ ಎಲ್ಲ ಹೇಳಿದೆ. ಚಿತ್ರ ಬರೆದು ತೋರಿಸಿದೆ. ಮಧ್ಯದವರಿಗೆ ಬಹಳ ಹಿಡಿಸಿತು. ಇಂಥದ್ದನ್ನು ಕೈಯಾರೆ ಮಾಡಿದವರು ಸಿಗುವುದೇ ಕಷ್ಟ ಎಂದು ಪಕ್ಕದವರಿಗೆ ಹೇಳಿದರು. ಆಮೇಲೆ ನಗುತ್ತ ಕೇಳಿದರು, ಇಷ್ಟು ಒಳ್ಳೆಯ ಕೆಲಸ ಯಾಕೆ ಬಿಡ್ತಿದೀರಿ?

ಬಾಯಿಯ ತುದಿಯವರೆಗೆ ಬಂತು. ಮೂವರ ಮುಖವನ್ನೂ ಒಂದೊಂದಾಗಿ ನೋಡಿದೆ. ಹೇಳಿದರೆ ಯಾರ ನಗು ಉಳಿಯುತ್ತದೆ, ಯಾರು ಪೆನ್ನು ಕೆಳಗಿಡುತ್ತಾರೆ, ಯಾರು ತುಂಬ ಸೌಜನ್ಯದಿಂದ ತಲೆಯಾಡಿಸುತ್ತಾರೆ ಎಂದು ಗೊತ್ತಾಗಲಿಲ್ಲ. ಇವರಲ್ಲಿ ಯಾರ ಮನೆಯಲ್ಲಿ ಯಾವ ಒಲೆ ಉರಿಯುತ್ತಿದೆಯೋ ಯಾರಿಗೆ ಗೊತ್ತು.

“ಗ್ರೋತ್, ಸರ್” ಎಂದೆ.

ಅವರು ಸಮಾಧಾನದಿಂದ ಬರೆದುಕೊಂಡರು. ಕೆಲಸ ಸಿಕ್ಕಿತು. ಆ ದಿನ ಬೆಳಿಗ್ಗೆ ವಾದಿರಾಜರು ನನ್ನನ್ನು ಬಚ್ಚಿಟ್ಟಿದ್ದರು. ಮಧ್ಯಾಹ್ನ ಬಚ್ಚಿಟ್ಟುಕೊಂಡವಳು ನಾನೇ, ಅದೂ ಬಾಗಿಲು ಪೂರ್ತಿ ತೆರೆದಿದ್ದ ಕೋಣೆಯಲ್ಲಿ.